ಟಿಕ್ ಹೊಡೆದ ತಕ್ಷಣ

"ಏನಮ್ಮ, ಇಷ್ಟು ಬೇಗ ಇಲ್ಲ ಅಂದ್ಬುಡ್ತಲ್ಲ! ಇದು ಸರಿಯಾಗಿ ಹುಡುಕೇ ಇಲ್ಲ ಕಣಮ್ಮ," ಎಂದು ಪುಟ್ಟಸ್ವಾಮಿ ಮೌಸ್ ಕುಟ್ಟಿದರು. ಸ್ವಂತ ಮನೆ, ಸರ್ಕಾರಿ ಕೆಲಸ, ಆರಡಿ ಎತ್ತರ ಎಂದು ಮಗಳ ಗಂಡಾಗುವವನಿಗೆ ಅವರಿಟ್ಟ ಷರತ್ತುಗಳಿಗೆಲ್ಲ ಟಿಕ್ ಬಿದ್ದಿತ್ತು. ಪರದೆಯ ಮೇಲೆ ದೊಡ್ಡದೊಂದು ಸೊನ್ನೆ.

ಒಂಟಿಕೊಪ್ಪಲಿನ ಆ ವಧೂವರರ ಕೇಂದ್ರದ ಸಾಫ್ಟ್‌ವೇರ್ ಬರೆದು, ಈಗ ಅವರ ಹಿಂದೆಯೇ ನಿಂತಿದ್ದ ಭವ್ಯಶ್ರೀಯ ಮುಖ ಸಪ್ಪಗಾಯಿತು. ಮೊದಲು ಒಂದೊಂದು ಟಿಕ್ಕಿಗೂ ಕಂಪ್ಯೂಟರು ಎಲ್ಲ ಗಂಡುಗಳನ್ನೂ ಹೊಸದಾಗಿ ಎಣಿಸುತ್ತಿತ್ತು. ಅಷ್ಟು ಹೊತ್ತೂ ಪರದೆಯಲ್ಲಿ ಚಕ್ರ ಸುತ್ತುತ್ತಿತ್ತು. ಈಗ ಯಾವ ಷರತ್ತಿಗೆ ಯಾರ್ಯಾರು ಹೊಂದುತ್ತಾರೆಂದು ಅವಳು ಮೊದಲೇ ವಿಂಗಡಿಸಿಟ್ಟಿದ್ದರಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಅದೇ ತಪ್ಪಾಯಿತೇನೋ! ಚಕ್ರ ಸುತ್ತುವಾಗ, ಪಾಪ ಹುಡುಕುತ್ತಿದೆ ಎಂದಾದರೂ ಜನ ನಂಬುತ್ತಿದ್ದರು. ಸುಮ್ಮನೆ ಆ ಚಕ್ರವನ್ನು ವಾಪಸ್ ಹಾಕಿಬಿಡಲೇ ಎಂದುಕೊಂಡಳು.

ಅಷ್ಟರಲ್ಲಿ ಪುಟ್ಟಸ್ವಾಮಿ ಕನ್ನಡಕ ಒರೆಸಲು ಮೌಸ್ ಬಿಟ್ಟರು. ಪಕ್ಕದಲ್ಲಿ ಕೂತಿದ್ದ ಮಗಳು ವರ್ಷಿಣಿ ಅದನ್ನು ಎಳೆದುಕೊಂಡಳು. ಸ್ವಂತ ಮನೆಯ ಟಿಕ್ ತೆಗೆದಳು, ಇಬ್ಬರು ಬಂದರು. ಸರ್ಕಾರಿ ಕೆಲಸ ತೆಗೆದಳು, ಹದಿನೇಳು. ಎತ್ತರವನ್ನೂ ತೆಗೆದಳು, ಪರದೆ ತುಂಬಿಹೋಯಿತು. ಆಮೇಲೆ ಅಪ್ಪ ಎಂದೂ ಮುಟ್ಟದ ಒಂದು ಚೌಕಕ್ಕೆ ತಾನೇ ಟಿಕ್ ಹೊಡೆದಳು: 'ಅಡುಗೆ ಬರುತ್ತದೆ'. ಐದು ಮುಖಗಳು ಉಳಿದವು.

"ಏಯ್, ತಡಿಯೇ!" ಹಳೇ ಚಕ್ರವಿದ್ದಿದ್ದರೆ ಮೌಸ್ ಕಿತ್ತುಕೊಳ್ಳಲು ಅಪ್ಪನಿಗೆ ಬೇಕಾದಷ್ಟು ಪುರುಸೊತ್ತಿರುತ್ತಿತ್ತು. ಅವರು ಕನ್ನಡಕ ಏರಿಸುವ ಹೊತ್ತಿಗೆ ಒಬ್ಬನ ಫೋಟೊ ಪರದೆಯ ತುಂಬ ನಗುತ್ತಿತ್ತು, ವರ್ಷಿಣಿಯೂ ನಗುತ್ತಿದ್ದಳು. ಪುಟ್ಟಸ್ವಾಮಿ ಅವನನ್ನು ನೋಡಿದರು, ಮಗಳನ್ನು ನೋಡಿದರು, ಕೊನೆಗೆ ಭವ್ಯಶ್ರೀಯ ಕಡೆ ತಿರುಗಿದರು.

"ಮುದ್ದೆ ತೊಳಸೋಕೆ ಬರುತ್ತಾ ಅನ್ನೋದಕ್ಕೂ ಒಂದು ಚೌಕ ಹಾಕ್ಬುಡಮ್ಮ."