ಬಿಡ್ತು ಅನ್ನಿ

ವಾಮದೇವಯ್ಯನವರ ಮಾಯಾಲೋಕದ ಕಾದಂಬರಿಗೆ ಒಂಬತ್ತು ಸಂಪುಟ, ಅದರೊಳಗೆ ಏಳು ರಾಜ್ಯ. ಅದು ಟೀವಿ ಧಾರಾವಾಹಿಯಾದಾಗ ಉಳಿದದ್ದು ಒಂದೇ ಪಡಸಾಲೆ. ಹಾರುವ ಕುದುರೆಯ ಗ್ರಾಫಿಕ್ಸ್ ದುಬಾರಿಯೆಂದು, ಅದರ ರೆಕ್ಕೆ ಉಳುಕಿದೆಯೆಂದು ಹೇಳಿಸಿ ಲಾಯದಲ್ಲಿ ಕಟ್ಟಿಹಾಕಿದ್ದರು. ಮೂರನೆಯ ಸಂಪುಟದಲ್ಲೇ ರಾಕ್ಷಸನ ತಲೆ ತರಿದಿದ್ದ ರಾಣಿ, ಇಲ್ಲಿ ನಾಲ್ಕು ವರ್ಷದಿಂದ ಅವನ ಮನೆಯ ಸೊಸೆಯಾಗಿ ಪಾಯಸ ಬಡಿಸುತ್ತಿದ್ದಳು.

ಎಲ್ಲವನ್ನೂ ಅವರು ಹಲ್ಲುಕಚ್ಚಿ ಸಹಿಸಿದ್ದರು. ಧಾರಾವಾಹಿ ಮುಗಿಯುವವರೆಗೆ ಹತ್ತನೆಯ, ಕೊನೆಯ ಸಂಪುಟ ಅಚ್ಚಾಗಕೂಡದು ಎಂಬ ಕರಾರಿಗೆ ತಾವೇ ರುಜು ಹಾಕಿದ್ದರಲ್ಲ! ಈಗ ಅವರಿಗೆ ಎಪ್ಪತ್ತೆಂಟು. ಹಸ್ತಪ್ರತಿ ಹೆಗಲಚೀಲದಲ್ಲೇ ಹಳದಿಯಾಗುತ್ತಿತ್ತು.

ಅಂದು ಬೆಳಿಗ್ಗೆ ಸೆಟ್ಟಿಗೆ ಬಂದರೆ, ಕ್ಯಾಮೆರಾದ ಮುಂದೆ ದೊಡ್ಡದೊಂದು ಬೂದುಗುಂಬಳಕಾಯಿ. ಅವರ ಎದೆ ಹಗುರಾಯಿತು. ಶೂಟಿಂಗ್ ಮುಗಿದ ದಿನವಲ್ಲವೇ ಕುಂಬಳಕಾಯಿ ಒಡೆಯುವುದು!

“ನನಗೊಂದು ಮಾತು ಹೇಳಬಾರದಿತ್ತೇನಯ್ಯಾ?” ಎಂದರು ನಿರ್ದೇಶಕನಿಗೆ.

“ಸರ್‌ಪ್ರೈಸ್ ಇರ್ಲಿ ಅಂತ ಸಾರ್.”

“ನಾನೇ ಒಡೀತೀನಿ, ಕೊಡು.”

“ನೀವೇ ಒಡೀಬೇಕು ಸಾರ್. ಕಥೆ ನಿಮ್ದಲ್ವಾ?”

ಅವರು ಚೀಲವನ್ನು ಜೋಪಾನವಾಗಿ ಕುರ್ಚಿಯ ಮೇಲಿಟ್ಟರು. ಎರಡೂ ಕೈಯಲ್ಲಿ ಕಾಯಿ ಎತ್ತಿ, ನಾಲ್ಕು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ನೆಲಕ್ಕೆ ಅಪ್ಪಳಿಸಿದರು. ಕುಂಕುಮ ಬೆರೆತ ತಿರುಳು ಪಂಚೆಗೆಲ್ಲ ಸಿಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಅಂತೂ ಮುಗೀತಲ್ಲಪ್ಪ!” ಎಂದು ಕಣ್ಣೊರೆಸಿಕೊಂಡರು.

“ಮುಗಿಯೋದಾ? ಬಿಡ್ತು ಅನ್ನಿ ಸಾರ್! ದೃಷ್ಟಿ ತೆಗ್ಸಿದ್ದು ಇದು. ಚಾನೆಲ್‌ನೋರು ಇನ್ನೂ ಸಾವಿರ ಎಪಿಸೋಡ್‌ಗೆ ಒಪ್ಪಿದಾರೆ.”