ಸೀಟಿನಡಿಯ ನಲ್ಲಿ

ಶಾಲಾ ವ್ಯಾನಿನ ಚಾಲಕ ಪೆಟ್ರೋಲ್ ಪೈಪ್ ಕಿತ್ತು ಬಾಯಿಗಿಟ್ಟು ಹೀರಿದ. ಒಂದು ಹನಿಯೂ ಬರಲಿಲ್ಲ. ಟ್ಯಾಂಕ್ ತುಂಬಿದೆ, ಫಿಲ್ಟರ್ ಹೊಸದು. ಈ ಮುದಿ ಗಾಡಿಗೆ ಇವತ್ತೇ ಏನು ದೊಡ್ಡ ರೋಗ?

“ಮೊನ್ನೆ ಸ್ಟೇರಿಂಗ್ ಮೇಲೇ ತಲೆ ಸುತ್ತಿ ಬಿದ್ರಿ. ಓಡಿಸಬೇಡಿ ಅಂತ ಡಾಕ್ಟರು ಬಡ್ಕೊಂಡ್ರು. ಗಾಡಿಗಾದ್ರೂ ಬುದ್ಧಿ ಇದೆ,” ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ.

“ಬಾಯ್ಮುಚ್ಚು. ಮಕ್ಕಳು ಕಾಯ್ತಿರ್ತಾರೆ.”

ಸಿಡುಕುತ್ತಲೇ ಸೀಟಿನಡಿ ಕೈ ತೂರಿಸಿದ. ಕಳ್ಳರಿಗೆ ಹೆದರಿ ತಾನೇ ಕೂರಿಸಿದ್ದ, ಪೆಟ್ರೋಲ್ ತಡೆಯುವ ಪುಟ್ಟ ನಲ್ಲಿ ಬಿಗಿಯಾಗಿ ಮುಚ್ಚಿತ್ತು. ಅವನಂತೂ ಮುಚ್ಚಿರಲಿಲ್ಲ. ಅದು ಅಲ್ಲಿರುವುದು ಗಂಡ ಹೆಂಡತಿ ಇಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ತಲೆ ಎತ್ತಿದ. ಅವಳು ಅವನ ಕೈಯನ್ನೇ ನೋಡುತ್ತಿದ್ದಳು.

ಅವನು ನಲ್ಲಿಯನ್ನು ಹಾಗೆಯೇ ಬಿಟ್ಟು ಕೈ ಹೊರಗೆ ತೆಗೆದ.

“ಪಂಪೇ ಹೋಗಿದೆ ಕಣೇ. ನಿನ್ನ ತಮ್ಮನಿಗೆ ಫೋನ್ ಮಾಡು, ಮಕ್ಕಳನ್ನ ಅವನೇ ತನ್ನ ಗಾಡೀಲಿ ಕರ್ಕೊಂಡು ಹೋಗ್ಲಿ.”