ಗಡಿಗೂಟ

ಅಮೆರಿಕದ ಆ ಹುಲ್ಲುಬಯಲಿಗೆ ಜನ ಬಂದು ನೆಲೆಸಿ ಇನ್ನೂ ಎರಡು ವರ್ಷ. ಮರವಿಲ್ಲ, ಕಲ್ಲಿಲ್ಲ, ಸರ್ವೆಯವರು ನೆಟ್ಟ ಗೂಟವೇ ಗಡಿ. ಮಾರ್ಟಾ ಗಂಡನನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ಪಕ್ಕದ ಹೊಲದ ಕಾರ್ವರ್ ಆ ಗೂಟ ಕಿತ್ತು, ಇನ್ನೂರು ಹೆಜ್ಜೆ ಈಚೆಗೆ, ಅವಳ ನೆಲದಲ್ಲಿ ನೆಟ್ಟಿದ್ದ.

"ಗೂಟ ಎಲ್ಲಿದೆಯೋ ಅಲ್ಲೇ ಗಡಿ, ತಂಗೀ."

ಮಾರ್ಟಾ ಗೂಟವನ್ನೊಮ್ಮೆ ನೋಡಿ ಮನೆಯತ್ತ ನಡೆದಳು.

ನುಂಗಿದ ನೆಲದಲ್ಲಿ ಕಾರ್ವರ್ ಬಾವಿ ತೋಡಿದ, ಸಿಹಿನೀರು ಬಂತು. ಮೂರು ವರ್ಷ ಹೆಣಗಿ ಅಲ್ಲೇ ಎರಡಂತಸ್ತಿನ ಮನೆ ಎಬ್ಬಿಸಿದ. ಸೂರಿಗೆ ಕೊನೆಯ ಮೊಳೆ ಹೊಡೆಯುವಾಗ ಏಣಿ ಹಿಡಿದು ನಿಂತವಳು ಮಾರ್ಟಾ.

ಮರುದಿನ ಅವಳೇ ಸರ್ವೆಯವನನ್ನು ಕರೆತಂದು, ಬಾವಿಯಾಚೆ ಬೆರಳು ತೋರಿಸಿದಳು. "ಇಲ್ಲಿ ಅಗೆಯಿರಿ."

ಮೊಳದಾಳದಲ್ಲಿ ಇದ್ದಿಲು ಸಿಕ್ಕಿತು.

"ಗೂಟ ಕೀಳೋರು ಇರ್ತಾರೆ ಅಂತಲೇ ನಾವು ಅಡಿಯಲ್ಲಿ ಇದ್ದಿಲು ಹೂಳೋದು," ಎಂದ ಸರ್ವೆಯವ. "ಗಡಿ ಇದೇ. ಮನೆ, ಬಾವಿ ಎಲ್ಲ ಈ ಅಮ್ಮನ ನೆಲದಲ್ಲಿವೆ."

ಕಾರ್ವರನ ಮುಖ ಸುಣ್ಣವಾಯಿತು. "ಇದ್ದಿಲಿನ ವಿಷಯ ನಿನಗೆ ಗೊತ್ತಿತ್ತಾ?"

"ನನ್ನ ಒಲೆಯಿಂದಲೇ ತೆಗೆದುಕೊಟ್ಟಿದ್ದೆ."

"ಮತ್ತೆ ಆವತ್ತೇ ಬಾಯಿ ಬಿಡಬಾರದಿತ್ತೇನೇ?"

"ಆವತ್ತು ಇಲ್ಲಿ ಮನೆ ಇರಲಿಲ್ಲವಲ್ಲ, ಅಣ್ಣಾ."